ಒಣ ಕಲ್ಲು

ಏಳು ತುಂಬುವ ತನಕ ಸಾರ್ಮೆಕರಲ್ಲಿ ಸುಳ್ಳಿಗೆ ಲೆಕ್ಕವಿಲ್ಲ.
ತುಂಬಿದ ಬೆಳಿಗ್ಗೆ ಅವ್ವ ಕಡಲಂಚಿಗೆ ಕರೆದೊಯ್ದು
ಕಲ್ಲೊಂದನ್ನು ಆರಿಸುತ್ತಾಳೆ, ಹೆಬ್ಬೆರಳಿನ ಉಗುರಿನಷ್ಟು,
ಒರಟು, ಮೂಲೆ ಮೂಲೆ.
ಇದು ನಿನ್ನದು, ಅನ್ನುತ್ತಾಳೆ. ಒಣಗಿಯೇ ಇರಲಿ.
ಒಲೆಯ ಮೇಲಿನ ಹಲಗೆಯಲ್ಲಿ ಅದಕ್ಕೊಂದು ಜಾಗ.
ಆಮೇಲೆ ಹೊಗೆ ಹಿಡಿಯುತ್ತದೆ, ಅಷ್ಟೆ.

ಕೊಟ್ಟ ಮಾತಿಗೆ ತಪ್ಪಿದವರು
ತಮ್ಮ ಕಲ್ಲನ್ನು ತಾವೇ ಇಳಿಸಿ
ನಾಲಿಗೆಯಡಿ ಇಟ್ಟುಕೊಳ್ಳುತ್ತಾರೆ.
ಯಾರೂ ಹೇಳುವುದಿಲ್ಲ, ಯಾರೂ ಕಾವಲಿಲ್ಲ.
ಉಣ್ಣುವಾಗ ತೆಗೆಯಬಹುದು, ಮಲಗುವಾಗ ತೆಗೆಯಬಹುದು,
ಮಾತಾಡುವಾಗ ಕೂಡದು.
ಆ ಒಂದು ಸಂಗತಿ ಬಿಟ್ಟು ಏನು ಬೇಕಾದರೂ ಆಡಬಹುದು.
ನೊಂದವರು ಬಂದು ಕೈ ಚಾಚಿದ ದಿನ
ಕಲ್ಲು ಅವರ ಅಂಗೈಗೆ. ಮುಗಿಯಿತು.
ಇಬ್ಬರಿಗೆ ತಪ್ಪಿದ್ದರೆ ಎರಡು ಕೈ ಬೇಕು.

ತೆಂಕಣ ವ್ಯಾಪಾರಿಗಳು ಕಾಗದ ತರುತ್ತಾರೆ, ಮೊಹರು ತರುತ್ತಾರೆ.
ನಾವು ಬಾಯಿ ತೆರೆದು ತೋರಿಸುತ್ತೇವೆ.
ಖಾಲಿ.
ಅವರು ನಗುತ್ತಾರೆ. ವ್ಯಾಪಾರ ಕುದುರುತ್ತದೆ.

ತುವ್ರೆನ್‌ನ ಬಾಯಲ್ಲಿ ಇಪ್ಪತ್ತೆರಡು ಚಳಿಗಾಲ.
ಅಖ್ತೂರ್ ಕೊಲ್ಲಿಯ ಹಿಮ ಬಿರಿದ ಸಂಜೆ
ಹಗ್ಗದ ಮೇಲ್ತುದಿ ಅವನ ಕೈಯಲ್ಲಿತ್ತು,
ನಡುವೆ ಅಪ್ಪ, ಕೆಳಗೆ ಇಮ್ದತ್ತೆಯ ಗಂಡ ಓಕ್ತೆ.
ಅಪ್ಪ ಬಂದ. ಓಕ್ತೆ ಬರಲಿಲ್ಲ.
ನಾನು ಸಡಿಲ ಬಿಟ್ಟೆ, ಅಂದನಂತೆ ತುವ್ರೆನ್.
ಅಂದವನು ನೇರ ಮನೆಗೆ ನಡೆದು ಹಲಗೆಗೆ ಕೈ ಹಾಕಿದ.

ಅವನ ಮಕ್ಕಳು ಮಾತು ಕಲಿತದ್ದು ಆ ಬಾಯಿಂದ.
ಇಂದಿಗೂ ಅವರ ರಕಾರ ಉರುಳುವುದಿಲ್ಲ,
ಬಾಯಲ್ಲಿ ಏನೂ ಇಲ್ಲದಿದ್ದರೂ.

ಇಮ್ದತ್ತೆ ಮೂರನೆಯ ವರ್ಷಕ್ಕೇ ಕೈ ಚಾಚಿದಳು.
ಅಪ್ಪ ಚಾಚಲಿಲ್ಲ.
ಮೊದಲ ಹಿಮ ಬಿದ್ದಾಗಲೆಲ್ಲ ತುವ್ರೆನ್ ಬಂದು
ನಮ್ಮ ಬಾಗಿಲಲ್ಲಿ ನಿಲ್ಲುತ್ತಿದ್ದ, ಟೊಪ್ಪಿ ಕೈಯಲ್ಲಿ ಹಿಡಿದು.
ಅಪ್ಪ ದೀಪದ ಬತ್ತಿ ಕತ್ತರಿಸುತ್ತಾ ಕೂತಿರುತ್ತಿದ್ದ,
ಕತ್ತರಿಸಲು ಬತ್ತಿಯೇ ಉಳಿಯದಷ್ಟು.
ಕಲ್ಲೆದೆಯವನು ಅಂದರು ಊರವರು. ನಾನೂ ಅಂದೆ, ಒಮ್ಮೆ, ಗಟ್ಟಿಯಾಗಿ.
ಅವನು ಅತ್ತ ತಿರುಗಿ ಮಲಗಿದ.
ಕತ್ತಲಲ್ಲಿ ಅವನ ಹಲ್ಲಿಗೆ ಏನೋ ತಾಗಿ
ಟಿಕ್ ಅಂದದ್ದು ಕೇಳಿಸಿತು.
ಸೀಲ್ ಮೂಳೆ ಇರಬೇಕು ಅಂದುಕೊಂಡೆ.

ಈ ವರ್ಷ ಹಿಮಕ್ಕೆ ಮೊದಲೇ ಅಪ್ಪ ಹೋದ.
ಹೆಣ ತೊಳೆಯುವುದು ಒಡಹುಟ್ಟಿದವರ ಪಾಲು.
ತೊಳೆದವರೇ ಹಲಗೆಯಿಂದ ಸತ್ತವರ ಕಲ್ಲು ಇಳಿಸಿ
ಎಲ್ಲರೆದುರು ಒಂದು ಮಾತು ಹೇಳಬೇಕು.
ಒಣ ಕಲ್ಲಾದರೆ ಅವರೊಡನೆ ಮಣ್ಣಿಗೆ.
ಅಲ್ಲವಾದರೆ ಕಡಲಿಗೆ, ಹೆಸರೂ ಅದರ ಜೊತೆಗೆ.

ಇಮ್ದತ್ತೆ ಕಲ್ಲು ತೆಗೆದುಕೊಂಡಳು.
ಬೆರಳಲ್ಲಿ ಒಮ್ಮೆ ಹೊರಳಿಸಿದಳು.
ಮತ್ತೆ ಹೊರಳಿಸಿದಳು.
ನಾನು ಪಕ್ಕದಲ್ಲೇ ಇದ್ದೆ, ನೋಡಿದೆ:
ಮೂಲೆಗಳೇ ಇರಲಿಲ್ಲ ಅದಕ್ಕೆ.
ಹೊಗೆಯ ಕರಿ ಇರಲಿಲ್ಲ.
ಸೀಲ್ ಮರಿಯ ಕಣ್ಣಿನ ಹಾಗೆ ಮಿರುಗುತ್ತಿತ್ತು.

ಹೊರಗೆ ನಾಯಿಗಳು ಬೊಗಳಿ ಸುಮ್ಮನಾದವು.
ಅವಳು ಮುಷ್ಟಿ ಮುಚ್ಚಿದಳು.
ಒಣಗಿದೆ, ಅಂದಳು.

ಸತ್ತವರ ಕೈ ಮಕ್ಕಳದು. ನಾನು ಕೈ ಚಾಚಿದೆ.
ತುವ್ರೆನ್ ನನ್ನನ್ನು ನೋಡಲಿಲ್ಲ, ಅತ್ತೆಯ ಮುಷ್ಟಿ ನೋಡಿದ,
ಆಮೇಲೆ ಉಗುಳಿದ. ಬೆಚ್ಚಗಿತ್ತು.
ಇನ್ನು ಅವನು ಹೇಳಬಹುದಿತ್ತು.
ಇಪ್ಪತ್ತೆರಡು ವರ್ಷಕ್ಕೆ ಬರಿದಾದ ಬಾಯಿ
ತೆರೆಯಿತು, ತುಸು ಹೊತ್ತು ಹಾಗೇ ಇತ್ತು.
ಚಳಿ ಜಾಸ್ತಿ, ಅಂದ.

ರಾತ್ರಿ ಸಾವಿನ ಊಟ. ಹನ್ನೊಂದು ಜನ, ಒಂದೇ ಹರಿವಾಣ.
ಇಮ್ದತ್ತೆ ತುತ್ತು ನುಂಗಿ
ತೋಳಿನೊಳಗಿಂದ ಏನನ್ನೋ ತೆಗೆದು ನಾಲಿಗೆಯಡಿ ಇಟ್ಟು
ಉಪ್ಪು, ಅಂದಳು, ತೊದಲಿ,
ತೆಗೆದು ಹರಿವಾಣದ ಪಕ್ಕಕ್ಕಿಟ್ಟಳು.
ಹೊಗೆ ಹಿಡಿದಿತ್ತು. ಮೂಲೆಗಳಿನ್ನೂ ಚೂಪು.

ಯಾರೂ ತಲೆ ಎತ್ತಲಿಲ್ಲ.
ನಾನು ಉಪ್ಪು ಸರಿಸಿದೆ.
ಸರಿಸಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು
ಯಾಕೋ ತಡವಾಯಿತು.